ಉದುರಿದ ಪ್ರತ್ಯಯಗಳು

ಮೈಸೂರು
೧೨ ಜುಲೈ ೨೦೦೪

ಪೂಜ್ಯ ಮೇಷ್ಟ್ರಿಗೆ,

ಶೆಟ್ಟಿಕೊಪ್ಪದ ವಾಸಪ್ಪನವರ ಮಗಳು ರಮ್ಯ ಮಾಡುವ ನಮಸ್ಕಾರಗಳು. ನಿಮಗೆ ನನ್ನ ನೆನಪು ಇರಬಹುದು, ಇಲ್ಲದೆಯೂ ಇರಬಹುದು. ಕೊಪ್ಪದ ಹೈಸ್ಕೂಲಿನಲ್ಲಿ ನಿಮ್ಮ ಕನ್ನಡ ಪಾಠಕ್ಕೆ ದಿನವೂ ತಡವಾಗಿ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದವಳು ನಾನು. ನಮ್ಮೂರಿನ ಬಸ್ಸು ಸಮಯಕ್ಕೆ ಬರುತ್ತಿರಲಿಲ್ಲ. ನೀವು ಪಾಠ ನಿಲ್ಲಿಸದೆ, ಕೈಯಲ್ಲೇ "ಬಾ, ಕೂತ್ಕೋ" ಎಂದು ಸನ್ನೆ ಮಾಡುತ್ತಿದ್ದಿರಿ. ಉಳಿದ ಮೇಷ್ಟ್ರುಗಳು ಹೊರಗೇ ನಿಲ್ಲಿಸುತ್ತಿದ್ದರು.

ನಾನು ಇಲ್ಲಿ ಭಾಷಾವಿಜ್ಞಾನದಲ್ಲಿ ಪಿಎಚ್.ಡಿ.ಗೆ ಸೇರಿ ಒಂದು ವರ್ಷವಾಯಿತು. ವಾಕ್ಯದ ಕಟ್ಟಡಕ್ಕೂ ಅದರ ಅರ್ಥಕ್ಕೂ ಏನು ಸಂಬಂಧ ಎನ್ನುವುದು ನನ್ನ ವಿಷಯ. ಅಪ್ಪನಿಗೆ ಇದನ್ನು ವಿವರಿಸಲು ಹೋಗಿ ಸೋತೆ. "ಮಾತಾಡಕ್ಕೆ ಎಲ್ಲರಿಗೂ ಬರ್ತದೆ, ಅದ್ರಲ್ಲಿ ಓದೋದು ಎಂತ ಉಂಟು ಮಾರಾಯ್ತಿ?" ಎಂದರು. ಆಗ ನಿಮ್ಮ ನೆನಪು ಬಂತು.

ನೀವು ಒಂದು ದಿನ ಬೋರ್ಡಿನ ಮೇಲೆ "ಬೆಕ್ಕು ನಾಯಿಯನ್ನು ಅಟ್ಟಿಸಿಕೊಂಡು ಹೋಯಿತು" ಎಂದು ಬರೆದಿದ್ದಿರಿ. ನಾವು ನಕ್ಕೆವು. ಬೆಕ್ಕು, ನಾಯಿ ಎರಡರ ಜಾಗ ಅದಲುಬದಲು ಮಾಡಿ "ನಾಯಿಯನ್ನು ಬೆಕ್ಕು ಅಟ್ಟಿಸಿಕೊಂಡು ಹೋಯಿತು" ಎಂದು ಬರೆದಿರಿ. ಆಗಲೂ ಓಡಿದ್ದು ನಾಯಿಯೇ. ಕೊನೆಗೆ "ಅನ್ನು" ಎಂಬುದನ್ನು ಅಂಗೈಯಿಂದ ಒರೆಸಿ ಕೇಳಿದಿರಿ, "ಈಗ ಹೇಳಿ, ಯಾರ ಹಿಂದೆ ಯಾರು ಓಡಿದ್ರು?" ಅರ್ಧ ಕ್ಲಾಸು ಬೆಕ್ಕು ಎಂದು ಕೂಗಿತು, ಅರ್ಧ ನಾಯಿ ಎಂದು. ಇಷ್ಟು ಚಿಕ್ಕ ಬಾಲ ಉದುರಿದರೆ ವಾಕ್ಯವೆಲ್ಲ ಕುರುಡಾಗುತ್ತದೆ ಎಂದು ಆ ದಿನ ನನಗೆ ಆದ ಬೆರಗು ಇನ್ನೂ ಇಳಿದಿಲ್ಲ. ನಾನು ಇಲ್ಲಿಗೆ ಬಂದದ್ದು ಆ ಬೆರಗಿನ ದಾರಿಯಲ್ಲೇ. ಇದನ್ನು ನಿಮಗೆ ತಿಳಿಸಬೇಕು ಎಂದು ಎಷ್ಟೋ ಸಲ ಅಂದುಕೊಂಡು, ಸಂಕೋಚದಿಂದ ಸುಮ್ಮನಾಗಿದ್ದೆ.

ಈಗ ಬರೆಯಲು ಒಂದು ನೆಪವೂ ಸಿಕ್ಕಿದೆ. "ನನಗೆ ಚಳಿ" ಎನ್ನುತ್ತೇವೆ. ನಡುಗುವವಳು ನಾನು, ಆದರೂ ನಾನು ಆ ವಾಕ್ಯದ ಕರ್ತೃವಲ್ಲ. ನೆನಪು, ನಿದ್ದೆ, ಇಷ್ಟ, ಬೇಸರ ಎಲ್ಲವೂ ಹೀಗೇ. ಕನ್ನಡದಲ್ಲಿ ನಾವು ಇವನ್ನು ಮಾಡುವುದಿಲ್ಲ, ಇವು ನಮಗೆ ಆಗುತ್ತವೆ, ನಮಗೆ ಬರುತ್ತವೆ. ಅನುಭವಿಸುವವರಿಗೆ "ಗೆ" ಹಚ್ಚಿ ಚತುರ್ಥಿ ವಿಭಕ್ತಿಯಲ್ಲಿ ಕೂರಿಸಿದ್ದು ಏಕೆ? ಹಳೆಯ ವೈಯಾಕರಣರು ಏನು ಹೇಳುತ್ತಾರೆ? ಬಿಡುವಾದಾಗ ಎರಡು ಸಾಲು ಬರೆದರೆ ನನ್ನ ಪುಣ್ಯ.

ನಿಮ್ಮ ವಿದ್ಯಾರ್ಥಿನಿ,
ರಮ್ಯ


ಶೃಂಗೇರಿ
೩೦ ಆಗಸ್ಟ್ ೨೦೦೪

ಚಿ. ರಮ್ಯಳಿಗೆ ಅಂಬುಜಾಕ್ಷಿಯ ಆಶೀರ್ವಾದಗಳು.

ಮೇಷ್ಟ್ರ ಅಕ್ಷರವಲ್ಲ ಎಂದು ಕವರು ನೋಡಿದಾಗಲೇ ನಿನಗೆ ತಿಳಿದಿರುತ್ತದೆ. ನಾನು ಅವರ ಹೆಂಡತಿ. ಎಲ್ಲರೂ ಕ್ಷೇಮ ಎಂದು ಬರೆಯುವ ಜಾಗದಲ್ಲಿ ಏನು ಬರೆಯಲಿ ಎಂದು ತಿಳಿಯದೆ ಇಷ್ಟು ದಿನ ತಡವಾಯಿತು.

ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ಸ್ನಾನ ಮುಗಿಸಿ ಪಂಚೆ ಉಡುತ್ತಿದ್ದರು. ಪಂಚೆ ಕೈಯಿಂದ ಜಾರಿತು. "ಎಂತಾಯ್ತು?" ಎಂದು ನಾನು ಕೇಳಿದರೆ ಬಾಯಿ ಅಲ್ಲಾಡಿತು, ಮಾತು ಬರಲಿಲ್ಲ. ಮಣಿಪಾಲಕ್ಕೆ ಕರೆದುಕೊಂಡು ಹೋದೆವು. ಮೆದುಳಿನ ಎಡಭಾಗದಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದರು. ಜೀವ ಉಳಿಯಿತು. ಈಗ ಕೋಲು ಹಿಡಿದು ನಡೆಯುತ್ತಾರೆ. ಬಲಗೈ ಎತ್ತಲು ಆಗುವುದಿಲ್ಲ. ಮಾತು ಪೂರಾ ಹೋಗಿಲ್ಲ, ಆದರೆ ಬಂದದ್ದು ಮಾತೂ ಅಲ್ಲ. "ಮಗಳು... ಬಸ್ಸು... ಕೊಪ್ಪ" ಎನ್ನುತ್ತಾರೆ. ನಮ್ಮ ಶ್ರಾವ್ಯ ಕೊಪ್ಪದಲ್ಲಿ ಪ್ರೈಮರಿ ಶಾಲೆಯ ಟೀಚರು, ಇಲ್ಲಿಂದಲೇ ದಿನಾ ಬಸ್ಸಿನಲ್ಲಿ ಹೋಗಿಬರುತ್ತಾಳೆ. ಅವಳು ಹೋದಳೇ ಎಂದು ಕೇಳುತ್ತಿದ್ದಾರೋ, ಬಂದಳೇ ಎಂದೋ, ಬಸ್ಸು ತಪ್ಪಿತೆಂದೋ ತಿಳಿಯುವುದಿಲ್ಲ. ನಾವು ಒಂದೊಂದೇ ಊಹಿಸಿ ಹೇಳುತ್ತೇವೆ, ಅವರು ತಲೆಯಾಡಿಸಿ ಆಡಿಸಿ ಸುಸ್ತಾಗಿ ಗೋಡೆ ಕಡೆ ತಿರುಗುತ್ತಾರೆ. "ನಂಗೆ ಬೇಡ" ಎನ್ನುವುದು ಮಾತ್ರ ಮೊದಲಿನ ಹಾಗೇ ಸ್ಪಷ್ಟವಾಗಿ ಬರುತ್ತದೆ. ಬೇಡ ಅನ್ನೋದಕ್ಕೆ ಒಂದು ಮಾತು ಉಳಿಸಿಕೊಂಡಿದ್ದಾರೆ ನೋಡು ಅಪ್ಪ ಎಂದು ಶ್ರಾವ್ಯ ನಗಿಸಲು ನೋಡುತ್ತಾಳೆ.

ನಿನ್ನ ಪತ್ರ ಓದಿ ಹೇಳಿದೆ. ಬೆಕ್ಕು ನಾಯಿಯ ಭಾಗ ಬಂದಾಗ ಕೈ ಮಾಡಿ ಮತ್ತೆ ಓದಿಸಿದರು. ಆಮೇಲೆ ಕಣ್ಣಲ್ಲಿ ನೀರು. ಅದು ನಗೆಯ ನೀರೋ ಬೇರೆಯದೋ ನಾನು ಕೇಳಲಿಲ್ಲ, ಕೇಳಿದರೂ ಹೇಳುವವರು ಯಾರು? ನಿನ್ನ ಪ್ರಶ್ನೆಗೆ ಉತ್ತರ ಕಳಿಸಲಾಗದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಫೋನು ಮಾಡಬೇಡ. ಫೋನಿರುವುದು ಅವರ ಕುರ್ಚಿಯ ಪಕ್ಕದಲ್ಲೇ. ಅವರ ವಿಷಯವನ್ನು ಅವರೆದುರಿಗೇ ಇನ್ನೊಬ್ಬರಿಗೆ ಹೇಳುವುದು ನನ್ನಿಂದಾಗದು.

ಇಂತಿ,
ಅಂಬುಜಾಕ್ಷಿ


ಮೈಸೂರು
೮ ಸೆಪ್ಟೆಂಬರ್ ೨೦೦೪

ಪ್ರೀತಿಯ ಅಮ್ಮನಿಗೆ ನಮಸ್ಕಾರಗಳು.

ನಿಮ್ಮ ಪತ್ರವನ್ನು ಹಾಸ್ಟೆಲಿನ ಮೆಟ್ಟಿಲ ಮೇಲೇ ಓದಿದೆ. ಕ್ಲಾಸಿಗೆ ಹೋಗಲಾಗಲಿಲ್ಲ. ಮರುದಿನ ನಮ್ಮ ಗೈಡ್ ಹತ್ತಿರ, ಮಾತಿನ ಚಿಕಿತ್ಸೆ ಮಾಡುವ ಒಬ್ಬರ ಹತ್ತಿರ ಕೇಳಿದೆ. ಮೇಷ್ಟ್ರಿಗೆ ಪದಗಳು ಉಳಿದಿವೆ, ಪದಗಳನ್ನು ಹೊಲಿಯುವ ದಾರ ಹೋಗಿದೆ ಎಂದು ಅವರು ಹೇಳಿದರು. ಪ್ರತ್ಯಯಗಳು ಉದುರಿವೆ. ಬುದ್ಧಿ ಮೊದಲಿನಂತೆಯೇ ಇದೆ, ದಯವಿಟ್ಟು ಇದರಲ್ಲಿ ಅನುಮಾನ ಇಟ್ಟುಕೊಳ್ಳಬೇಡಿ. ಅಭ್ಯಾಸ ಮಾಡಿಸಿದರೆ ಎಷ್ಟೋ ಮರಳಬಹುದಂತೆ. ಎಷ್ಟು ಎಂದು ಯಾರೂ ಹೇಳಲಾರರು.

ಇದರ ಜೊತೆ ಕೆಲವು ಚಿತ್ರಗಳನ್ನು ಕಳಿಸಿದ್ದೇನೆ. ಒಂದರಲ್ಲಿ ಹಸು ಕರುವನ್ನು ತಳ್ಳುತ್ತಿದೆ, ಇನ್ನೊಂದರಲ್ಲಿ ಕರು ಹಸುವನ್ನು. ವಾಕ್ಯ ಹೇಳಿ, ಸರಿಯಾದ ಚಿತ್ರ ತೋರಿಸಲು ಹೇಳಿ. ಯಾವುದು ತಪ್ಪುತ್ತದೆ ಎಂದು ಗುರುತು ಹಾಕಿಕೊಳ್ಳಿ.

ಇನ್ನೊಂದು ಮಾತು. ಮೇಷ್ಟ್ರು ಮಾತಾಡುವುದನ್ನು ಟೇಪ್ ಮಾಡಿ ಕಳಿಸಲು ಸಾಧ್ಯವೇ? ಕನ್ನಡದಲ್ಲಿ ಇಂಥ ವಾಕ್ಯಗಳನ್ನು ಯಾರೂ ಹೆಚ್ಚಾಗಿ ಅಭ್ಯಾಸ ಮಾಡಿಲ್ಲ, ನನ್ನ ಪ್ರಬಂಧಕ್ಕೆ ಬಹಳ ಉಪಯೋಗವಾಗುತ್ತದೆ ಎಂದು ಗೈಡ್ ಹೇಳಿದರು.

ನಿಮ್ಮ,
ರಮ್ಯ


ಶೃಂಗೇರಿ
೨೧ ಸೆಪ್ಟೆಂಬರ್ ೨೦೦೪

ರಮ್ಯಳಿಗೆ,

ಚಿತ್ರಗಳನ್ನು ತೋರಿಸಿದೆ. ಎರಡು ನೋಡಿ ತಪ್ಪು ತೋರಿಸಿದರು. ತಪ್ಪೆಂದು ಅವರಿಗೇ ತಿಳಿಯಿತು. ಎಲ್ಲವನ್ನೂ ಎಡಗೈಯಲ್ಲಿ ನೆಲಕ್ಕೆ ತಳ್ಳಿದರು. ಊರಿನ ಮಕ್ಕಳಿಗೆಲ್ಲ ವ್ಯಾಕರಣ ಹೇಳಿದವರ ಮುಂದೆ ಹಸು ಕರು ಹಿಡಿದು ಕುಳಿತ ನನಗೆ ಆದ ಅವಮಾನ ನಿನಗೆ ತಿಳಿಯದು.

ಟೇಪಿನ ವಿಷಯ. ಅವರು ನಿನ್ನ ಮೇಷ್ಟ್ರು, ನಿನ್ನ ಪ್ರಬಂಧದ ಉದಾಹರಣೆ ಅಲ್ಲ.

ಅಂಬುಜಾಕ್ಷಿ


ಮೈಸೂರು
೫ ಅಕ್ಟೋಬರ್ ೨೦೦೪

ಅಮ್ಮನಿಗೆ,

ನೀವು ಬರೆದದ್ದು ಸರಿ. ನಾನು ಅವಸರ ಮಾಡಿದೆ, ತಪ್ಪಾಯಿತು. ಚಿತ್ರಗಳನ್ನು ಒಲೆಗೆ ಹಾಕಿಬಿಡಿ. ಪ್ರಬಂಧದ ಮಾತು ಇನ್ನು ಎತ್ತುವುದಿಲ್ಲ.

ಒಂದಕ್ಕೆ ಮಾತ್ರ ಅಪ್ಪಣೆ ಕೊಡಿ. ತಿಂಗಳಿಗೊಮ್ಮೆ ಮೇಷ್ಟ್ರ ಹೆಸರಿಗೆ ಬರೆಯುತ್ತೇನೆ. ಇಲ್ಲಿನ ಸುದ್ದಿ, ಊರಿನ ಸುದ್ದಿ, ಓದಿದ್ದು, ನೋಡಿದ್ದು. ನೀವು ಓದಿ ಹೇಳಿದರೆ ಸಾಕು. ಉತ್ತರ ಬರೆಯುವುದು ಬೇಡ.

ರಮ್ಯ


ಶೃಂಗೇರಿ
೧೭ ಫೆಬ್ರವರಿ ೨೦೦೫

ಚಿ. ರಮ್ಯಳಿಗೆ ಆಶೀರ್ವಾದಗಳು.

ನೀನು ಕಳಿಸಿದ ಪತ್ರಗಳೆಲ್ಲ ತಲುಪಿವೆ. ನಾನು ಉತ್ತರಿಸಲಿಲ್ಲ, ನೀನೂ ನಿಲ್ಲಿಸಲಿಲ್ಲ. ಪೋಸ್ಟಿನವನು ಬರುವ ಹೊತ್ತಿಗೆ ಅವರು ಜಗುಲಿಗೆ ಬಂದು ಕೂರುತ್ತಾರೆ. ನಿನ್ನ ಹಾಸ್ಟೆಲಿನ ಸಾರಿನ ವರ್ಣನೆ ಓದಿದ ದಿನ ಜೋರಾಗಿ ನಕ್ಕರು. ಕಾಯಿಲೆಯಾದ ಮೇಲೆ ಈ ಮನೆ ಆ ನಗು ಕೇಳಿದ್ದು ಅದೇ ಮೊದಲು.

ಈಗ ನಡೆದದ್ದನ್ನು ಕೇಳು. ಕಳೆದ ವಾರ ನಿನ್ನ ಪತ್ರ ಓದಿ ಮುಗಿಸಿದ ಕೂಡಲೇ "ರಮ್ಯ... ನಾನು... ಕಲಿಸು" ಎಂದರು. ನಿನಗೆ ಪಾಠ ಹೇಳುವ ಆಸೆಯಾಗಿದೆ ಎಂದುಕೊಂಡೆ. "ಅವಳು ದೊಡ್ಡ ಓದು ಓದ್ತಾ ಇದಾಳೆ. ನಿಮಗೆ ಈಗ ಯಾಕೆ ಆ ಆಯಾಸ?" ಎಂದೆ. ಜೋರಾಗಿ ತಲೆಯಾಡಿಸಿ ಮತ್ತೆ ಅದನ್ನೇ ಹೇಳಿದರು. ಸಂಜೆ ಶ್ರಾವ್ಯ ಬಂದಳು. "ಆಯ್ತಪ್ಪ, ಪೂರ್ತಿ ಹುಷಾರಾಗಿ, ಆಮೇಲೆ ಕಲಿಸೋರಂತೆ" ಎಂದು ಬೆನ್ನು ಸವರಿದಳು. ಅವರಿಗೆ ಬಂದ ಸಿಟ್ಟು ನೋಡಬೇಕಿತ್ತು. ಎರಡು ದಿನ ನಮ್ಮಿಬ್ಬರ ಮುಖ ನೋಡಲಿಲ್ಲ.

ಮೂರನೇ ದಿನ ನಾನು ಹೂ ಕಟ್ಟುತ್ತಿದ್ದೆ. ಕೋಲೂರಿಕೊಂಡು ಎದ್ದರು. ನಿನ್ನ ಪತ್ರ ತೆಗೆದು ತಮ್ಮ ಕುರ್ಚಿಯ ಮೇಲೆ ಇಟ್ಟರು. ಮೊದಲು ಮನೆಪಾಠಕ್ಕೆ ಬರುತ್ತಿದ್ದ ಮಕ್ಕಳು ಕೂರುವ ಚಾಪೆ ಮೂಲೆಯಲ್ಲಿ ಸುತ್ತಿಟ್ಟಿತ್ತು. ಅದನ್ನು ಕಾಲಿನಿಂದಲೇ ಬಿಡಿಸಿದರು. ನಾನು ಓಡಿಬಂದು ಹಿಡಿಯುವಷ್ಟರಲ್ಲಿ ಗೋಡೆ ಹಿಡಿದು ಇಳಿದು, ಆ ಚಾಪೆಯ ಮೇಲೆ, ಕುರ್ಚಿಯ ಎದುರಿಗೆ ಕೂತರು. ಪತ್ರ ತೋರಿಸಿ "ರಮ್ಯ" ಎಂದರು. ಎದೆ ಮುಟ್ಟಿಕೊಂಡು "ನಾನು" ಎಂದರು. ಆಮೇಲೆ ನನ್ನನ್ನೇ ನೋಡುತ್ತಾ "ಕಲಿಸು" ಎಂದರು.

ನಿನ್ನಿಂದ ಕಲಿಯಬೇಕು ಎನ್ನುತ್ತಿದ್ದರು ಅವರು. ಕಲಿಸುವವರು ಅವರು, ಕಲಿಯುವವರು ಉಳಿದವರು ಎಂದೇ ನನ್ನ ಜೀವಮಾನ ಕಳೆದಿದೆ. ಅದಕ್ಕೇ ಇಲ್ಲದ ಪ್ರತ್ಯಯಗಳನ್ನು ನನ್ನ ರೂಢಿಯಂತೆ ಸೇರಿಸಿಕೊಂಡುಬಿಟ್ಟೆ. ಆ ಚಾಪೆಯ ಮೇಲೆ ನಾನೂ ಅವರ ಪಕ್ಕದಲ್ಲಿ ಕೂತೆ. ಇಬ್ಬರೂ ಸ್ವಲ್ಪ ಹೊತ್ತು ಅತ್ತೆವು. ಆಮೇಲೆ ಅವರನ್ನು ಎಬ್ಬಿಸಲು ಪಕ್ಕದ ಮನೆಯ ಮಂಜಪ್ಪನನ್ನು ಕೂಗಬೇಕಾಯಿತು. "ಎಂತ ಭಟ್ರೇ, ಈ ವಯಸ್ಸಲ್ಲಿ ನೆಲದ ಮೇಲೆ ಆಟವಾ?" ಎಂದು ಅವನು ಕೇಳಿದ್ದಕ್ಕೆ ಮೂವರೂ ನಕ್ಕೆವು.

ಬೇಸಿಗೆ ರಜೆಯಲ್ಲಿ ಬರುತ್ತೀಯಾ? ಕೇಳುವ ಮುಖ ನನಗಿಲ್ಲ, ಆದರೂ ಕೇಳುತ್ತಿದ್ದೇನೆ. ಇಲ್ಲೇ ಇರು. ಶ್ರಾವ್ಯಳ ಕೋಣೆಯಲ್ಲಿ ಜಾಗವಿದೆ.

ಇಂತಿ ನಿನ್ನ,
ಅಂಬುಜಮ್ಮ


ಮೈಸೂರು
೧೯ ಜೂನ್ ೨೦೦೫

ಪ್ರೀತಿಯ ಅಂಬುಜಮ್ಮನಿಗೆ, ಮೇಷ್ಟ್ರಿಗೆ, ಶ್ರಾವ್ಯಳಿಗೆ,

ಸುಖವಾಗಿ ತಲುಪಿದೆ. ನೀವು ಕಟ್ಟಿಕೊಟ್ಟ ಹಲಸಿನ ಹಪ್ಪಳ ಹಾಸ್ಟೆಲಿನಲ್ಲಿ ಒಂದೇ ಸಂಜೆಗೆ ಮುಗಿಯಿತು.

ನಿಮ್ಮ ಮನೆಯಲ್ಲಿ ಕಳೆದ ಆ ವಾರಗಳಿಗೆ ಹೇಗೆ ಕೃತಜ್ಞತೆ ಹೇಳಬೇಕೋ ತಿಳಿಯದು. ಮೊದಲ ದಿನ ಮೇಷ್ಟ್ರು ನನ್ನನ್ನು ಅವರ ಕುರ್ಚಿಯಲ್ಲೇ ಕೂರಿಸಿದಾಗ ನಾನು ಅದರ ತುದಿಯಲ್ಲಷ್ಟೇ ಕೂತೆ. ಅಮ್ಮ, ಒಂದು ವಾರದ ಮೇಲೆ ನೀವು "ಎಂತಕ್ಕೆ ಬಾಗಿಲಲ್ಲೇ ನಿಂತು ಮಾತಾಡ್ತೀಯ, ಒಳಗೆ ಬಾರೇ" ಎಂದು ಅಡಿಗೆಮನೆಗೆ ಕರೆದಿರಿ. ಕಾಯಿ ತುರಿಯಲು ಕೊಟ್ಟಿರಿ. ನಮ್ಮ ಜಾತಿಯವರು ಆ ಹೊಸ್ತಿಲು ದಾಟಿದ್ದು ಅದೇ ಮೊದಲಿರಬೇಕು. ಊರಿಗೆ ಹೋದಾಗ ನನ್ನ ಅಮ್ಮನಿಗೆ ಹೇಳಿದೆ. ಅಮ್ಮ ನನ್ನ ತಲೆ ಸವರಿದರು.

ಅಭ್ಯಾಸ ನಿಲ್ಲಿಸಬೇಡಿ. ನನಗೆ ದಾರಿ ತೋರಿಸಿದ್ದು ನಿಮ್ಮ ಮೊದಲ ಪತ್ರದ "ನಂಗೆ ಬೇಡ". ಯಾರು ಯಾರನ್ನು ತಳ್ಳಿದರು ಎಂಬ ವಾಕ್ಯದಲ್ಲಿ ಮೇಷ್ಟ್ರು ದಾರಿ ತಪ್ಪುತ್ತಾರೆ. ಆದರೆ ಏನನ್ನೂ ಮಾಡದೆ ಬರಿದೇ ಅನುಭವಿಸುವ ವಾಕ್ಯಗಳು, ನಂಗೆ ಚಳಿ, ನಂಗೆ ನಿದ್ದೆ, ನಂಗೆ ಸಾಕು, ಅವರಲ್ಲಿ ಉಳಿದುಕೊಂಡಿವೆ. ಹೊಳೆಯ ನೀರೆಲ್ಲ ಬತ್ತಿದರೂ ಗುಂಡಿಯಲ್ಲಿ ಸ್ವಲ್ಪ ನಿಂತಿರುತ್ತದಲ್ಲ, ಹಾಗೆ. ಅಲ್ಲಿಂದಲೇ ಶುರು ಮಾಡಿದೆವು. ನಂಗೆ ಚಳಿ ಆದ ಮೇಲೆ ನಿಂಗೆ ಚಳಿ. ಅದು ಬರಲು ಎಷ್ಟು ದಿನ ಹಿಡಿಯಿತು ಎಂಬುದನ್ನು ನೀವೇ ನೋಡಿದ್ದೀರಿ. ಇನ್ನು ಹೆಸರುಗಳಿಗೆ ಹೋಗಬೇಕು. ಶ್ರಾವ್ಯಂಗೆ, ಮಂಜಪ್ಪಂಗೆ. ಚಿತ್ರ ಬೇಡ. ಎದುರಿಗಿರುವ ಮನುಷ್ಯರು, ಎದುರಿಗಿರುವ ಚಳಿ ಹಸಿವೆಗಳೇ ಸಾಕು.

ಶ್ರಾವ್ಯ, ನಿನಗೊಂದು ಮಾತು. ಅಪ್ಪ ತಡವರಿಸಿದಾಗ ನಿನಗೆ ತಡೆಯಲಾಗುವುದಿಲ್ಲ, ಅವರ ವಾಕ್ಯವನ್ನು ನೀನೇ ಮುಗಿಸಿಬಿಡುತ್ತೀಯ. ಪ್ರೀತಿಯಿಂದಲೇ ಮಾಡುತ್ತೀಯ. ಆದರೆ ಹಾಗೆ ಮುಗಿದ ವಾಕ್ಯ ನಿನ್ನದಾಗುತ್ತದೆ, ಅವರದಲ್ಲ. ಸ್ವಲ್ಪ ಕಾದಿರು. ಸಾರು ಆರಿದರೆ ಆರಲಿ.

ನಿಮ್ಮ,
ರಮ್ಯ


ಶೃಂಗೇರಿ
೨೪ ನವೆಂಬರ್ ೨೦೦೫

ಚಿ. ರಮ್ಯಳಿಗೆ ಆಶೀರ್ವಾದಗಳು.

ಕೆಟ್ಟ ಸುದ್ದಿ ಮೊದಲು ಬರೆದುಬಿಡುತ್ತೇನೆ. ದಸರಾ ರಜೆಯಲ್ಲಿ ಅವರ ಹಳೇ ಶಿಷ್ಯ ಮರುಳಸಿದ್ದಪ್ಪ ಬಂದಿದ್ದ. ಈಗ ದೊಡ್ಡ ಅಧಿಕಾರಿ. ಒಳ್ಳೆಯ ಮನುಷ್ಯ, ಹಣ್ಣುಹಂಪಲು ತಂದು ಕಾಲಿಗೆ ಬಿದ್ದ. ಆದರೆ ಕಿವುಡರ ಹತ್ತಿರ ಮಾತಾಡುವಂತೆ ಕೂಗಿ ಕೂಗಿ, "ಸಾರ್, ಊಟ ಆಯ್ತಾ? ಮಮ್ಮು ಆಯ್ತಾ?" ಎಂದು ಮಗುವನ್ನು ಕೇಳುವ ಹಾಗೆ ಕೇಳಿದ. ಇವರು ಉತ್ತರ ಕಟ್ಟಲು ಹೊರಟರು. ಅವನು ಕಾಯಲಿಲ್ಲ, ನನ್ನ ಕಡೆ ತಿರುಗಿ "ಪಾಪ" ಎಂದ. ಅವನು ಹೋದ ಮೇಲೆ ಇವರು ಒಳಗೆ ಹೋಗಿ ಮಲಗಿದರು. ಊಟ ಬೇಡ, ಅಭ್ಯಾಸ ಬೇಡ. ಮರುದಿನ ನಾನು ಪಕ್ಕದಲ್ಲಿ ಕೂತಾಗ "ನಂಗೆ ನಾಚಿಕೆ" ಎಂದರು. ಈ ವಾಕ್ಯವನ್ನು ನೀನಾಗಲಿ ನಾನಾಗಲಿ ಹೇಳಿಕೊಟ್ಟಿರಲಿಲ್ಲ. ತಾವೇ ಕಟ್ಟಿದ ಮೊದಲ ಹೊಸ ವಾಕ್ಯ ಇದಾಯಿತಲ್ಲ ಎಂದು ನನಗೆ ಸಂಕಟವಾಯಿತು. ಆದರೆ ಶ್ರಾವ್ಯ ಏನೆಂದಳು ಗೊತ್ತೇ? "ಅಮ್ಮಾ, ಅಪ್ಪ ಹೇಳ್ಕೊಂಡ್ರಲ್ಲ. ಹೋದ ವರ್ಷ ಇದೇ ನಾಚಿಕೆ ಇತ್ತು, ಹೇಳಕ್ಕೇ ಆಗ್ತಿರ್ಲಿಲ್ಲ." ಹೌದಲ್ಲ ಅನಿಸಿತು. ಹೇಳಿದ್ದರಿಂದ ನಾನು ಅವರ ಕೈ ಹಿಡಿದುಕೊಳ್ಳಲಾಯಿತು.

ಒಂದು ವಾರ ಎಲ್ಲವೂ ನಿಂತಿತ್ತು. ಆಮೇಲೆ ತಾವೇ ಚಾಪೆಯ ಕಡೆ ಕೈ ತೋರಿಸಿದರು.

ಈಗ ಒಳ್ಳೆಯ ಸುದ್ದಿ. ಈ ಮನೆಗೆ ಬಂದಂದಿನಿಂದ ನಾನು ಕಾಫಿ ಮೊದಲು ಅವರಿಗೆ ಕೊಟ್ಟು, ಉಳಿದವರಿಗೆ ಕೊಟ್ಟು, ಕೊನೆಗೆ ಒಲೆಯ ಮುಂದೆ ನಿಂತು ಕುಡಿಯುವವಳು. ಅವರು ಅದನ್ನು ನೋಡಿದ್ದಾರೆಂದೇ ನಾನು ತಿಳಿದಿರಲಿಲ್ಲ. ಮೊನ್ನೆ ಬೆಳಿಗ್ಗೆ ಶ್ರಾವ್ಯ ಕಾಫಿ ತಂದಳು. ಇವರು ಲೋಟ ಮುಟ್ಟಲಿಲ್ಲ. ಏನೋ ಹೇಳಲು ಹೊರಟರು. ಶ್ರಾವ್ಯ ತುಟಿ ಕಚ್ಚಿ ನಿಂತಳು, ನಿನ್ನ ಮಾತಿನಂತೆ. ಹೊರಗೆ ಹಾಲಿನವನು ಬಂದು ಹೋದ. ಕಾಫಿ ಆರಿತು. ಕೊನೆಗೆ ಬಂತು:

"ಅಂಬುಜಂಗೆ... ಕಾಫಿ... ಕೊಡು. ಮೊದ್ಲು."

ರಮ್ಯ, ಬೇರೆಯವರ ಹೆಸರಿಗೆ ಅವರು ಹಚ್ಚಿದ ಮೊದಲ "ಗೆ" ಅದು. ಶ್ರಾವ್ಯ ಲೋಟ ನನ್ನ ಕೈಗೆ ಕೊಟ್ಟಳು. ತಣ್ಣಗಿನ ಕಾಫಿ. ಅದನ್ನು ನಾನು ಕೂತು ಕುಡಿದೆ.

ನೀನು ಒಮ್ಮೆ ಕೇಳಿ ಕೈಬಿಟ್ಟಿದ್ದ ವಿಷಯವನ್ನು ನಾನೇ ಅವರ ಹತ್ತಿರ ಎತ್ತಿದೆ. ರಮ್ಯ ನಿಮ್ಮ ಮಾತಿನ ಬಗ್ಗೆ ಬರೆಯಲೇ ಎಂದು ಕೇಳಿದೆ. ಬಹಳ ಹೊತ್ತು ಯೋಚಿಸಿ "ಬರೀಲಿ" ಎಂದರು. ಆಮೇಲೆ ಬೆರಳೆತ್ತಿ "ಹೆಸ್ರು" ಎಂದರು. ಅಂದರೆ ಹೆಸರು ಹಾಕಲೇಬೇಕು. ಟೇಪ್ ರೆಕಾರ್ಡರು ತೆಗೆದುಕೊಂಡು ಯಾವಾಗ ಬೇಕಾದರೂ ಬಾ.

ಇಂತಿ ನಿನ್ನ,
ಅಂಬುಜಮ್ಮ


ಮೈಸೂರು
೧೧ ಜುಲೈ ೨೦೦೬

ಪೂಜ್ಯ ಮೇಷ್ಟ್ರಿಗೆ, ಅಂಬುಜಮ್ಮನಿಗೆ ನಮಸ್ಕಾರಗಳು.

ಪ್ರಬಂಧ ಮುಗಿಯಿತು. ಒಂದು ಪ್ರತಿಯನ್ನು ಬೇರೆ ಪೋಸ್ಟಿನಲ್ಲಿ ಕಳಿಸಿದ್ದೇನೆ, ಇಷ್ಟರಲ್ಲೇ ತಲುಪಬೇಕು.

ಮೇಷ್ಟ್ರೇ, ನೀವು ಬೈಯುವ ವಿಷಯ ಮೊದಲೇ ಹೇಳುತ್ತೇನೆ. ಮಾತಿನ ಮಾದರಿ ಕೊಟ್ಟವರ ಹೆಸರು ಒಳಗಿನ ಅಧ್ಯಾಯಗಳಲ್ಲಿ ಬರಬಾರದೆಂದು ನಮ್ಮಲ್ಲಿ ನಿಯಮ. ಅವರ ಮಾನ ಕಾಯಲೆಂದೇ ಮಾಡಿದ ನಿಯಮ. ಅವರೇ ಹೆಸರು ಹಾಕಿ ಎನ್ನುತ್ತಿದ್ದಾರೆ ಎಂದು ನಾನು ವಾದಿಸಿದೆ. ಗೈಡ್ ಒಪ್ಪಲಿಲ್ಲ. ನಾಲ್ಕನೇ ಅಧ್ಯಾಯದಲ್ಲಿ ನೀವು ಬರೀ "ವಿ". ಆದರೆ ಕೃತಜ್ಞತೆಯ ಪುಟಕ್ಕೆ ಯಾವ ನಿಯಮವೂ ಇಲ್ಲ. ಅದರ ಮೊದಲ ಸಾಲಿನಲ್ಲಿ ನಿಮ್ಮ ಪೂರ್ಣ ಹೆಸರಿದೆ, ಎರಡನೆಯದರಲ್ಲಿ ಅಂಬುಜಮ್ಮನ ಹೆಸರು. ಅಪ್ಪ ಅಮ್ಮನ ಹೆಸರು ಮೂರನೇ ಸಾಲಿಗೆ ಹೋಯಿತು. ಅಪ್ಪ ಬೇಸರಿಸಲಿಲ್ಲ. "ಭಟ್ರು ಮುಂದೆ ಇರ್ಲಿ, ಸರಿಯಾಗಿದೆ" ಎಂದರು.

ಆ ಅಧ್ಯಾಯದಲ್ಲಿ ನಾನು ಹೇಳಿರುವುದು ಇಷ್ಟೇ: ವಾಕ್ಯದಲ್ಲಿ ಯಾರಿಗೆ ಯಾವ ಜಾಗ ಎನ್ನುವುದು ಹೊರಗಿನಿಂದ ಹಾಕಿದ ಅಲಂಕಾರವಲ್ಲ. ಆ ಜಾಗ ತಪ್ಪಿದರೆ ಪದಗಳೆಲ್ಲ ಇದ್ದೂ ಮನುಷ್ಯ ಒಂಟಿಯಾಗುತ್ತಾನೆ. ಇದನ್ನು ಪುಸ್ತಕದಿಂದ ಓದಿದ್ದರೆ ಇಷ್ಟು ಗಟ್ಟಿಯಾಗಿ ಬರೆಯಲು ನನಗೆ ಧೈರ್ಯ ಬರುತ್ತಿರಲಿಲ್ಲ. ನಾನು ನಿಮಗೆ ಎರಡು ಸಲ ಋಣಿ. ಒಮ್ಮೆ ಕೊಪ್ಪದಲ್ಲಿ ಕಲಿಸಿದ್ದಕ್ಕೆ, ಇನ್ನೊಮ್ಮೆ ಶೃಂಗೇರಿಯಲ್ಲಿ ಕಲಿಯಲು ಒಪ್ಪಿದ್ದಕ್ಕೆ.

ನಿಮ್ಮ,
ರಮ್ಯ


ಶೃಂಗೇರಿ
೨೭ ಸೆಪ್ಟೆಂಬರ್ ೨೦೦೬

ಚಿ. ರಮ್ಯಳಿಗೆ ಆಶೀರ್ವಾದಗಳು.

ಕೈಬೆರಳುಗಳು ಇನ್ನೂ ನೋಯುತ್ತಿವೆ, ಅಕ್ಷರ ಅಲ್ಲಲ್ಲಿ ಎಳೆದಂತಿದ್ದರೆ ಹೊಂದಿಸಿಕೊಂಡು ಓದು. ಈ ವರ್ಷ ಎಲ್ಲ ಕಡೆ ಹರಡಿರುವ ಗಂಟುನೋವಿನ ಜ್ವರ ನನ್ನನ್ನೂ ಬಿಡಲಿಲ್ಲ. ಗಾಬರಿಯಾಗಬೇಡ, ಈಗ ಎದ್ದು ಓಡಾಡುತ್ತಿದ್ದೇನೆ. ಆ ದಿನ ನಡೆದದ್ದನ್ನು ನಿನಗೆ ಹೇಳದೆ ಇರಲಾರೆ.

ಬೆಳಿಗ್ಗೆ ಮೈ ಬೆಚ್ಚಗಿತ್ತು. ಶ್ರಾವ್ಯ ರಜೆ ಹಾಕುತ್ತೇನೆಂದಳು, ನಾನೇ ಬೇಡವೆಂದು ಕಳಿಸಿದೆ. ಅವಳು ಹೋಗಿ ಸ್ವಲ್ಪ ಹೊತ್ತಿಗೆ ಜ್ವರ ಏರಿತು. ದೇವರಮನೆಯಿಂದ ನಡುಮನೆಗೆ ಬರುವಾಗ ಮೊಣಕಾಲು ಹಿಡಿದುಕೊಂಡು ಅಲ್ಲೇ ಕುಸಿದೆ. ಏಳಲಾಗಲಿಲ್ಲ. ಮಂಜಪ್ಪನ ಮನೆಗೆ ಬೀಗ, ಅವರೆಲ್ಲ ಕೊಪ್ಪದ ಹತ್ತಿರದ ನಾರ್ವೆ ಎಂಬ ಹಳ್ಳಿಗೆ ಮದುವೆಗೆ ಹೋಗಿದ್ದರು. ಇವರು ಕೋಲೂರಿ ಬಂದು ನನ್ನ ಹಣೆ ಮುಟ್ಟಿ ನೋಡಿದರು. ದಿಂಬು ತಂದು ತಲೆಯ ಕೆಳಗೆ ಇಟ್ಟರು. ಆಮೇಲೆ ಫೋನಿನ ಮುಂದೆ ಹೋಗಿ ನಿಂತರು.

ನಿನಗೆ ಗೊತ್ತು, ಕಾಯಿಲೆಯಾದಾಗಿನಿಂದ ಅವರು ಫೋನು ಮುಟ್ಟಿರಲಿಲ್ಲ. ನಮ್ಮೆದುರಿಗಾದರೆ ಕೈ ಇದೆ, ಕಣ್ಣಿದೆ, ಅರ್ಧ ಮಾತಿಗೂ ಅರ್ಥ ಸಿಕ್ಕುತ್ತದೆ. ಫೋನಿನಲ್ಲಿ ವಾಕ್ಯ ಬಿಟ್ಟರೆ ಬೇರೇನೂ ಇಲ್ಲ. ರಿಂಗಾದರೆ ಎದ್ದು ದೂರ ಹೋಗುತ್ತಿದ್ದರು. ಅಂಥವರು ಗೋಡೆಗೆ ಅಂಟಿಸಿದ ಶಾಲೆಯ ನಂಬರು ನೋಡಿ, ಎಡಗೈಯಲ್ಲಿ ಒಂದೊಂದೇ ಅಂಕಿ ಒತ್ತಿದರು. ನಾನು ನೆಲದ ಮೇಲೆ ಮಲಗಿ ಕೇಳುತ್ತಿದ್ದೆ.

ತೆಗೆದವರು ಹೆಡ್‌ಮಿಸ್ಸು ಸರ್ವಮಂಗಳಾ. ಅವರ "ಹಲೋ" ನನಗೂ ಕೇಳಿಸಿತು. ಇವರು ಬಾಯಿ ತೆರೆದರು. "ಶ್ರಾವ್ಯ..." ಎಂದು ನಿಂತರು. ಆ ಕಡೆಯಿಂದ "ಯಾರು? ಶ್ರಾವ್ಯ ಏನು? ಏನಾಗ್ಬೇಕಿತ್ತು?" ಎಂಬ ಪ್ರಶ್ನೆಗಳು. ಇಟ್ಟುಬಿಡುತ್ತಾರೆ ಎಂದು ನನಗೆ ಭಯ. ಇವರು ಕಣ್ಣು ಮುಚ್ಚಿದರು, ಮೊದಲೆಲ್ಲ ಪಾಠದಲ್ಲಿ ಮರೆತ ಪದ್ಯವನ್ನು ನೆನೆಯಲು ಮುಚ್ಚುತ್ತಿದ್ದಂತೆ.

"ಶ್ರಾವ್ಯನ್ನ... ಕರೀರಿ" ಎಂದರು. "ನಾನು ಅಪ್ಪ."

ಶ್ರಾವ್ಯ ಫೋನಿಗೆ ಬಂದಳು. ಬಂದು ಏನು ಕೇಳಿದಳೋ, ಆಮೇಲೆ ಸುಮ್ಮನಿದ್ದಳು. ನನಗೆ ಗೊತ್ತಾಯಿತು, ಗಾಬರಿಯಲ್ಲೂ ಹುಡುಗಿ ಕಾಯುತ್ತಿದ್ದಾಳೆ, ನಡುವೆ ಬಾಯಿ ಹಾಕುತ್ತಿಲ್ಲ. ಇವರು ನಿಧಾನವಾಗಿ ಹೇಳಿದರು:

"ಅಮ್ಮಂಗೆ ಜ್ವರ. ನೆಲ... ನೆಲದ ಮೇಲೆ. ಏಳಕ್ಕೆ ಆಗಲ್ಲ. ಡಾಕ್ಟ್ರನ್ನ... ಮನೆಗೆ ಕಳ್ಸು."

ಒಂದೂ ತಪ್ಪಲಿಲ್ಲ. ಶ್ರಾವ್ಯ ಅಲ್ಲಿಂದಲೇ ಡಾಕ್ಟರಿಗೆ ಫೋನು ಮಾಡಿದಳು. ಅರ್ಧ ಗಂಟೆಯೊಳಗೆ ಅವರು ಸ್ಕೂಟರಿನಲ್ಲಿ ಬಂದರು, ಇಂಜೆಕ್ಷನ್ ಕೊಟ್ಟು ಎತ್ತಿ ಮಂಚಕ್ಕೆ ಮಲಗಿಸಿದರು. ಸರ್ವಮಂಗಳಾ ಮೇಡಂ ತಮ್ಮ ಯಜಮಾನರ ಜೀಪಿನಲ್ಲೇ ಶ್ರಾವ್ಯಳನ್ನು ಕರೆತಂದು ಬಿಟ್ಟು ಹೋದರು. "ಅಮ್ಮಂಗೆ ಅನ್ನೋದು ಕೇಳಿದ ತಕ್ಷಣ ಗೊತ್ತಾಯ್ತಮ್ಮ. ಬರೀ ಅಮ್ಮ, ಜ್ವರ, ಡಾಕ್ಟ್ರು ಅಂದಿದ್ರೆ ಅಪ್ಪಂಗೇ ಏನೋ ಆಗಿದೆ, ನೀವು ಫೋನಿಗೆ ಬಂದು ಹೇಳ್ತೀರಿ ಅಂತ ಕಾಯ್ತಾ ಕೂರ್ತಿದ್ದೆನೋ ಏನೋ" ಎಂದು ಶ್ರಾವ್ಯ ನನ್ನ ಕಾಲ ಬಳಿ ಕೂತು ಅತ್ತಳು.

ಇವರು ಆ ಹೊತ್ತಿಗೆ ಕುರ್ಚಿಯಲ್ಲಿ ನಿದ್ದೆ ಹೋಗಿದ್ದರು. ಇಡೀ ದಿನ ಗದ್ದೆ ಉತ್ತವರ ಹಾಗೆ.

ನೀನು ಕಲಿಸಿದ್ದು ಏನೆಂದು ಬೀದಿಯವರು ಕೇಳಿದರೆ ನನಗೆ ಹೇಳಲು ಬಾರದು. ಆದರೆ ಆ ದಿನ ನೆಲದ ಮೇಲೆ ಮಲಗಿ ಪ್ರತಿಯೊಂದು ಅಕ್ಷರವನ್ನೂ ಕೇಳಿಸಿಕೊಂಡವಳು ನಾನು. ನಿನಗೆ ಒಳ್ಳೆಯದಾಗಲಿ ಮಗಳೇ. ನಿನ್ನ ಅಪ್ಪ ಅಮ್ಮನಿಗೆ ಒಳ್ಳೆಯದಾಗಲಿ.

ಕೆಳಗೆ ಜಾಗ ಬಿಡು ಎಂದು ಅವರು ಪಕ್ಕದಲ್ಲೇ ಕೂತಿದ್ದಾರೆ. ನಿನ್ನೆಯಿಂದ ಶ್ರಾವ್ಯಳ ಸ್ಲೇಟಿನ ಮೇಲೆ ಬರೆದು ಒರೆಸಿ ಅಭ್ಯಾಸ ನಡೆದಿದೆ. ನಾನು ಸಹಾಯ ಮಾಡಬಾರದಂತೆ, ನೋಡಲೂಬಾರದಂತೆ. ಪೆನ್ನು ಕೊಡುತ್ತಿದ್ದೇನೆ.

ಇಂತಿ ನಿನ್ನ,
ಅಂಬುಜಮ್ಮ


ರಮ್ಯ,

ಎಡಗೈ. ಅಕ್ಷರ ಸೊಟ್ಟ.

ಪುಸ್ತಕ ಬಂತು. ದಿನಾ ಒಂದು ಪುಟ. ನಿಧಾನ ಓದು. ಹೆಸರು ನೋಡಿದೆ. ನನಗೆ ಸಂತೋಷ ಆಯಿತು. ವಿ ಬೇಡ. ಆದರೂ ಸರಿ.

ಅಂಬುಜಾಕ್ಷಿಗೆ ಜ್ವರ ಬಿಟ್ಟಿತು. ಮೊಣಕಾಲು ನೋವು. ಎಣ್ಣೆ ನಾನು ಹಚ್ಚು. ಅವಳಿಗೆ ನಗು ಬರುತ್ತದೆ.

ಪಕ್ಕದ ಮನೆ ಮಕ್ಕಳು ಮತ್ತೆ ಬಂದರು. ಇಬ್ಬರು. ಸಂಧಿ ಹೇಳಿದೆ. ಅವರು ಕಾಯುತ್ತಾರೆ.

ದೀಪಾವಳಿಗೆ ಬಾ. ಅಪ್ಪನನ್ನು ಅಮ್ಮನನ್ನು ಕರೆದುಕೊಂಡು ಬಾ. ನಮ್ಮ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಊಟ.

ವಿದ್ಯಾಶಂಕರ